ಒಟ್ಟು ಅಭಿಪ್ರಾಯ

ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವನು ಮೇಲಿಂದ ಕೆಳಗೆ ಒಮ್ಮೆ ಓದಿದ, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದ, ಹಾಗೆ ಓದಿದರೆ ಎಲ್ಲಿಂದಲಾದರೂ ಎದ್ದು ಬಂದೀತು ಎನ್ನುವಂತೆ. ಒಂಬತ್ತು ಹೆಸರು, ಒಂಬತ್ತು ಕ್ರಮಸಂಖ್ಯೆ, ಕೆಳಗೆ ವಿಭಾಗದ ಸಾಹೇಬರ ಸೊಟ್ಟ ಸಹಿ. ಬೆಳಗಿನ ಪಾಳಿ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಗುಡಿಸುವವಳು ನೀರು ಚಿಮುಕಿಸಿ ಹೋದ ಅಂಚೆ ವಿಂಗಡಣೆ ಹಾಲಿನ ನೆಲದಿಂದ ಸೆಣಬಿನ ಚೀಲ, ಅರಗು, ಹಳೇ ಅಂಟು ಎಲ್ಲ ಕಲೆತ ಒಂದು ವಾಸನೆ ಏಳುತ್ತಿತ್ತು. ದಿನವೂ ಮೂಗಿಗೆ ಗೊತ್ತೇ ಆಗದ ಆ ವಾಸನೆ ಇವತ್ತು ಗಂಟಲಿಗೆ ಅಡರಿತು. ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಚ್ಚಬೇಕಾದವನು ಅವನೇ, ಹಾಲಿನ ಮೇಲ್ವಿಚಾರಕ. ಮೂರು ಗುಂಡುಸೂಜಿ ಸಿಕ್ಕವು, ನಾಲ್ಕನೆಯದು ಸಿಗದೆ ಕಾಗದದ ಒಂದು ಮೂಲೆ ಮುದುರಿಕೊಂಡೇ ಉಳಿಯಿತು. ಈ ಒಂದು ಹೆಸರು ಯಾಕೆ ಬಿಟ್ಟುಹೋಗಿದೆಯೆಂದು ಈ ಕಟ್ಟಡದಲ್ಲಿ ಗೊತ್ತಿರುವವನು ತಾನೊಬ್ಬನೇ ಎಂಬುದು ಅವನಿಗೆ ಮೊದಲ ಓದಿಗೇ ಹೊಳೆದಿತ್ತು. ಎರಡನೆಯ ಓದು ಬರೀ ನಾಟಕ, ತನ್ನೆದುರು ತಾನೇ ಆಡಿದ್ದು. ಮುಚ್ಚಿದ ಬೋರ್ಡಿನ ಗಾಜಿನಲ್ಲಿ ಐವತ್ತೆಂಟರ ತನ್ನ ಮುಖ ಒಂಬತ್ತು ಹೆಸರುಗಳ ಮೇಲೆ ತೆಳ್ಳಗೆ ಕುಳಿತಿರುವುದನ್ನು ಕಂಡು ಅವನು ಪಕ್ಕಕ್ಕೆ ಸರಿದ.

ಹಾಲಿನಲ್ಲಿ ಎಲ್ಲರೂ ಅವಳನ್ನು ಭೂಪಟ ಎಂದು ಕರೆಯುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ, ಅವಳೂ ಓಗೊಡುತ್ತಿದ್ದಳು. ಯಾವ ಊರಿನ ಹೆಸರು ಹೇಳಿದರೂ ಅದು ಯಾವ ಅಂಚೆಯ ಕೆಳಗೆ ಬರುತ್ತದೆ, ಅಲ್ಲಿಗೆ ಚೀಲ ಬೆಳಗಿನ ರೈಲಿಗೆ ಹೋಗಬೇಕೋ ಮಧ್ಯಾಹ್ನದ ಬಸ್ಸಿಗೋ, ಅದೇ ಹೆಸರಿನ ಇನ್ನೊಂದು ಊರು ಎಲ್ಲಿದೆ ಎಂಬುದೆಲ್ಲ ಅವಳ ಬೆರಳ ತುದಿಯಲ್ಲಿತ್ತು. ಕಾಗದದ ಮೇಲೆ ಕಣ್ಣು ಬೀಳುವುದೂ ಕಾಗದ ಆಯಾ ಊರಿನ ಗೂಡಿಗೆ ಬೀಳುವುದೂ ಒಂದೇ ಕ್ಷಣ. ಅಂಥವಳು ಇಪ್ಪತ್ತಾರು ವರ್ಷದಿಂದ ಅದೇ ಗೂಡುಗಳ ಮುಂದೆ ನಿಂತಿದ್ದಳು. ಮೇಲಿನ ದರ್ಜೆಗೆ ಹೋಗುವ ಸರತಿಯಲ್ಲಿ ಮೊದಲ ಹೆಸರು ಅವಳದೇ ಎಂದು ಹಾಲಿಗೆ ಹಾಲೇ ಲೆಕ್ಕ ಹಾಕಿಟ್ಟಿತ್ತು. ಪಾಳಿಯವರು ಒಬ್ಬೊಬ್ಬರೇ ಬಂದು ಬೋರ್ಡಿನ ಮುಂದೆ ಗುಂಪಾದರು. ಚೀಲ ಕಟ್ಟುವವನು ಕನ್ನಡಕ ಹಣೆಗೇರಿಸಿ ಓದಿ, “ಏನ್ರೀ ಇದು, ಭೂಪಟಾನೇ ಮಡಿಚಿ ಇಟ್ಬಿಟ್ರಲ್ಲ!” ಎಂದ. ಯಾರೋ ನಕ್ಕರು, ನಕ್ಕವರು ಅಲ್ಲೇ ನಿಲ್ಲಿಸಿದರು, ಏಕೆಂದರೆ ಅವಳು ಬಾಗಿಲಲ್ಲಿ ಕೊಡೆ ಮಡಿಸುತ್ತ ನಿಂತಿದ್ದಳು. ಗುಂಪು ತಾನಾಗಿಯೇ ದಾರಿ ಬಿಟ್ಟಿತು. ಅವಳು ಓದಿದಳು. ಐದನೆಯ ಹೆಸರು ಮುದ್ರೆ ಮೇಜಿನವನದು, ಅವಳಿಗಿಂತ ಏಳು ವರ್ಷ ಕಿರಿಯ, ಗೂಡುಗಳ ಕೆಲಸವನ್ನು ಅವಳೇ ಕೈಹಿಡಿದು ಕಲಿಸಿದ್ದಳು. ಅವನು ಅಲ್ಲೇ ನಿಂತು ಅಂಗೈ ಉಜ್ಜಿಕೊಳ್ಳುತ್ತ, “ಅಕ್ಕಾ, ನಂಗೇನೂ ಗೊತ್ತಿಲ್ಲ ಅಕ್ಕಾ, ನಾನು ಯಾರನ್ನೂ ಹೋಗಿ ಕೇಳಿಲ್ಲ” ಎಂದ. “ನೀನ್ಯಾಕೋ ಕೇಳ್ತೀಯ. ನಿಂಗೆ ಬಂದಿದ್ದು ನಂಗೂ ಖುಷಿನೇ ಕಣೋ. ಹೋಗು, ಬೆಳಗಿನ ಗಾಡಿ ಬಂತು” ಎಂದು ಅವಳು ಗೂಡುಗಳತ್ತ ನಡೆದಳು. ಮೇಲ್ವಿಚಾರಕ ತನ್ನ ಮೇಜಿನ ಹಿಂದೆ ಕುಳಿತು ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಿದ. ಅವಳು ತನ್ನನ್ನು ನೋಡಿದಳೋ ಇಲ್ಲವೋ. ನೋಡಿದ್ದರೆ ಯಾವ ಮುಖದಿಂದ ನೋಡಿರಬಹುದು. ತಲೆ ಎತ್ತಿದರೆ ಗೊತ್ತಾಗುತ್ತಿತ್ತು. ಎತ್ತಲಿಲ್ಲ.

ನಾಲ್ಕು ವರ್ಷದ ಹಿಂದೆ ಇದೇ ಹಾಲು, ಇದೇ ಹೊತ್ತು. ವಿಭಾಗದ ಸಾಹೇಬರು ತಪಾಸಣೆಗೆ ಬಂದಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರ ಒಂದು ಹೆಜ್ಜೆ ಹಿಂದೆ ನಡೆಯುತ್ತ, ಇದು ಉತ್ತರದ ಸಾಲು, ಇದು ಹೊಳೆಯಾಚೆಯ ಸಾಲು ಎಂದು ವಿವರಿಸುತ್ತಿದ್ದ. ಸಾಹೇಬರು ಕಟ್ಟಿಟ್ಟ ಒಂದು ಚೀಲದ ಚೀಟಿ ಹಿಡಿದು, ಇದು ಎಲ್ಲಿಗೆ ಹೋಗತ್ರೀ ಎಂದರು. ಅವನು ತಡಮಾಡದೆ, ಹೊಳೆಯಾಚೆಗೆ ಎಂದ. ಇಡೀ ಹಾಲಿಗೆ ಕೇಳುವಂತೆ, ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದ. ಆಗ ಗೂಡುಗಳ ಕಡೆಯಿಂದ ಒಂದು ದನಿ ಬಂತು: “ಅಲ್ಲ ಸಾರ್, ಅದು ಗುಡ್ಡದ ಕಡೆಯ ಊರು. ಹೊಳೆಯಾಚೆ ಇರೋದು ಅದೇ ಹೆಸರಿನ ಇನ್ನೊಂದು.” ಅವಳು ತಿರುಗಿ ಕೂಡ ನೋಡಿರಲಿಲ್ಲ. ಕೈ ಕಾಗದ ಎಸೆಯುತ್ತಲೇ ಇತ್ತು. ಹೊತ್ತೆಷ್ಟು ಎಂದು ಕೇಳಿದವರಿಗೆ ಹೇಳುವಂತೆ ಹೇಳಿ, ಮುಂದಿನ ಕಾಗದ ಎತ್ತಿಕೊಂಡಿದ್ದಳು. ಸಾಹೇಬರು ಅವನತ್ತ ತಿರುಗಿ, “ಏನ್ರೀ ಮೇಲ್ವಿಚಾರಕರೇ, ನಿಮಗೇ ಭೂಪಟ ಬೇಕಾಯ್ತಲ್ಲ” ಎಂದರು. ಅವಳ ಅಡ್ಡಹೆಸರು ಅವರಿಗೂ ಗೊತ್ತಿತ್ತು! ಹಾಲು ನಕ್ಕಿತು. ಸಾಹೇಬರು ನಕ್ಕಾಗ ಹಾಲು ನಗಲೇಬೇಕು. ಅವನೂ ನಕ್ಕ, ಕಿವಿಯ ತುದಿ ಸುಡುತ್ತಿದ್ದರೂ. ಅವಳೊಬ್ಬಳು ಮಾತ್ರ ನಗಲಿಲ್ಲ, ಏಕೆಂದರೆ ಅವಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವನಿಗೆ ಹೆಚ್ಚು ಉರಿದದ್ದು ಆ ನಗೆಯಲ್ಲ, ತಿರುಗದ ಆ ಬೆನ್ನು.

ಮರುದಿನ ಊಟದ ಹೊತ್ತಿಗೆ ಅವನು ಹದಿನೆಂಟು ಜನರ ವಾರ್ಷಿಕ ಗುಪ್ತ ವರದಿ ಬರೆಯಲು ಕುಳಿತ. ಸಂಜೆಯೊಳಗೆ ಲಕೋಟೆಗೆ ಅರಗು ಹಾಕಿ ಕಳಿಸಬೇಕಾಗಿತ್ತು. ಎಡಗೈಯಲ್ಲಿ ಡಬ್ಬಿಯ ಊಟ, ಬಲಗೈಯಲ್ಲಿ ಪೆನ್ನು. ಆಗೆಲ್ಲ ವರದಿಯನ್ನು ಯಾರ ಬಗ್ಗೆ ಬರೆದಿದೆಯೋ ಅವರಿಗೆ ತೋರಿಸುವ ನಿಯಮವಿರಲಿಲ್ಲ. ಉತ್ತಮ, ಉತ್ತಮ, ಅತ್ಯುತ್ತಮ, ಉತ್ತಮ. ಅವಳ ಹಾಳೆ ಬಂದಾಗ ಕೈ ಒಂದು ಚೂರು ನಿಂತಿತು. ಹಾಗೆ ನಿಂತಿದ್ದು ಅವನಿಗೆ ಚೆನ್ನಾಗಿ ನೆನಪಿದೆ. ಆಮೇಲೆ ಎಷ್ಟೋ ಸಲ, ಅವಸರದಲ್ಲಿ ಬರೆದುಬಿಟ್ಟೆ ಎಂದು ಹೇಳಿಕೊಳ್ಳಲು ಹೋದಾಗೆಲ್ಲ ಅಡ್ಡ ಬಂದದ್ದು ಆ ನಿಂತ ಕೈಯೇ. ಕೊನೆಯ ಅಂಕಣದ ಹೆಸರು ‘ಒಟ್ಟು ಅಭಿಪ್ರಾಯ’. ಅಲ್ಲಿ ‘ಸಾಧಾರಣ’ ಎಂದು ಬರೆದ. ಅದು ಸಾಲದೆನಿಸಿ ಮುಂದಕ್ಕೆ ‘ಮೇಲಿನವರೊಡನೆ ವರ್ತಿಸುವಾಗ ಸಂಯಮ ಬೇಕು’ ಎಂದು ಸೇರಿಸಿದ. ಅಕ್ಷರ ದುಂಡಗೆ ಬಂದಿತ್ತು. ಬರೆದು ಮುಗಿಸಿ ಕೈ ತೊಳೆದು ಬಂದಾಗ ಹೊಟ್ಟೆ ತುಂಬಿದ ಹಾಗೂ ಆಗಿತ್ತು, ಎಲ್ಲೋ ಒಂದು ಸಣ್ಣ ಹಸಿವು ತೀರಿದ ಹಾಗೂ ಆಗಿತ್ತು. ಅದರ ಮುಂದಿನ ವರ್ಷದಿಂದ ಅವಳಿಗೆ ಪ್ರತಿಸಲವೂ ಅತ್ಯುತ್ತಮ ಬರೆದ. ಅದರಿಂದ ಎಲ್ಲ ಸರಿಹೋಯಿತೆಂದುಕೊಂಡಿದ್ದ. ಐದು ವರ್ಷದ ವರದಿಗಳಲ್ಲಿ ಒಂದೇ ಒಂದು ಉತ್ತಮಕ್ಕಿಂತ ಕೆಳಗಿದ್ದರೂ ಬಡ್ತಿಯಿಲ್ಲ ಎಂಬ ಸುತ್ತೋಲೆ ಬಂದದ್ದು ಆಮೇಲೆ. ಸುತ್ತೋಲೆಯನ್ನು ಓದಿ, ಸಹಿ ಮಾಡಿ, ಕಡತಕ್ಕೆ ಸೇರಿಸಿದವನೂ ಅವನೇ.

ಪಟ್ಟಿ ಹಚ್ಚಿದ ದಿನವೇ ಊಟದ ಬಿಡುವಿನಲ್ಲಿ ಅವಳು ಅವನ ಮೇಜಿನ ಹತ್ತಿರ ಬಂದಳು. ಅವನು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. “ಕೂತ್ಕೊಳ್ಳಿ ಅಮ್ಮ” ಎಂದ. ಅವಳು ಕೂರಲಿಲ್ಲ. “ಒಂದು ಅರ್ಜಿ ಬರೆದುಕೊಡ್ತೀರಾ ಸಾರ್? ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರು ಬರೀತಾರೆ. ಯಾಕೆ ಬಿಟ್ರು ಅಂತ ಕೇಳೋಣ ಅಂತ. ಜಗಳಕ್ಕಲ್ಲ, ಗೊತ್ತಾದ್ರೆ ಸಾಕು.” ಇಡೀ ಹಾಲಿನ ರಜೆ ಅರ್ಜಿ, ವರ್ಗಾವಣೆ ಅರ್ಜಿ, ಮಗನ ಶಾಲೆಗೆ ಕಾಗದ ಎಲ್ಲ ಬರೆದುಕೊಡುತ್ತಿದ್ದವನು ಅವನು, ಅದರಲ್ಲಿ ಅವನಿಗೊಂದು ಹೆಮ್ಮೆಯೂ ಇತ್ತು. ಈಗಲೇ ಹೇಳಿಬಿಡಬಹುದಾಗಿತ್ತು. ಬರೆದದ್ದು ನಾನೇ ಅಮ್ಮ, ಒಂದೇ ವಾಕ್ಯ. ಬಾಯಿ ತೆರೆದ. “ಗುಪ್ತ ವರದಿ ತರಿಸಿ ನೋಡಬೇಕು ಅಂತಾನೂ ಬರೀಬೇಕಾಗತ್ತೆ” ಎಂಬ ಮಾತು ಹೊರಬಂತು, ಯಾರೋ ಬುದ್ಧಿವಂತ ವಕೀಲ ಒಳಗೆ ಕೂತು ಆಡಿದಂತೆ. “ಬರೀರಿ ಸಾರ್, ಏನು ಬೇಕೋ ಅದು.” ಅವನು ಬಿಳಿ ಹಾಳೆ ತೆಗೆದ. ಮಾನ್ಯರೇ ಎಂದು ಶುರುಮಾಡಿದ ಮೇಲೆ ಪೆನ್ನು ತನ್ನಷ್ಟಕ್ಕೆ ಓಡಿತು. ಇಪ್ಪತ್ತಾರು ವರ್ಷಗಳ ನಿಷ್ಕಳಂಕ ಸೇವೆ, ಒಂದೇ ಒಂದು ದೂರಿಲ್ಲದ ದಾಖಲೆ, ತನಗಿಂತ ಕಿರಿಯರಿಗೆ ತಾನೇ ತರಬೇತಿ ಕೊಟ್ಟದ್ದು, ಎಲ್ಲೋ ನಡೆದಿರಬಹುದಾದ ಪ್ರಮಾದ. ಪ್ರಮಾದ ಎಂಬ ಮಾತಿನ ಹತ್ತಿರ ನಿಂತು, ಅನ್ಯಾಯ ಎಂದು ಬರೆಯಲೇ ಎಂದು ಯೋಚಿಸಿ, ಪ್ರಮಾದವನ್ನೇ ಉಳಿಸಿದ. ಅವಳು ಓದಿದಳು. ಕಣ್ಣು ತೇವವಾಯಿತು. “ನನ್ನ ಬಗ್ಗೆ ಇಷ್ಟೆಲ್ಲ ನಿಮಗೆ ಗೊತ್ತಿತ್ತಾ ಸಾರ್” ಎಂದಳು. ಅವನು ಡಬ್ಬಿಯ ಮುಚ್ಚಳ ಹಾಕಿದ. ಆ ಮಧ್ಯಾಹ್ನ ಪೂರ್ತಿ ಆ ಮಾತು ಅಂಗಿಯೊಳಗೆ ಸಿಕ್ಕಿಕೊಂಡ ಕೂದಲಿನಂತೆ ಎಲ್ಲೋ ಚುಚ್ಚುತ್ತಲೇ ಇತ್ತು.

ಭಾನುವಾರ ಅವನ ಹೆಂಡತಿ ಊಟದ ಮೇಜಿನ ತುಂಬ ಉತ್ತರಪತ್ರಿಕೆ ಹರಡಿಕೊಂಡು ಕುಳಿತಿದ್ದಳು. ಅವಳು ಶಾಲೆಯಲ್ಲಿ ಗಣಿತದ ಮೇಡಂ. ಕಿಟಕಿಯಿಂದ ಬಿಸಿಲು ಬಂದು ಒಂದು ಕಟ್ಟಿನ ಮೇಲೆ ಬಿದ್ದಿತ್ತು. ಒಂದು ಹಾಳೆಯನ್ನು ಹತ್ತು ನಿಮಿಷದಿಂದ ಹಿಡಿದುಕೊಂಡೇ ಇದ್ದಾಳೆ. ಕೆಂಪು ಪೆನ್ನು ಹಾಳೆಯ ಮೇಲೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಉತ್ತರ ತಪ್ಪು, ಆದರೆ ಮೂರನೇ ಹಂತದ ತನಕ ದಾರಿ ಸರಿ. ಅರ್ಧ ಅಂಕ ಕೊಡಲೋ ಒಂದು ಕೊಡಲೋ. ಹದಿನೆಂಟು ಜನರನ್ನು ತಾನು ಒಂದು ಊಟದ ಬಿಡುವಿನಲ್ಲಿ ಮುಗಿಸಿದ್ದೆ ಎಂದು ಅವನಿಗೆ ಅನಿಸಿತು, ಅನಿಸಿದ್ದೇ ಕೈಯಲ್ಲಿದ್ದ ದಿನಪತ್ರಿಕೆಯನ್ನು ಮಡಿಸಿಟ್ಟ. “ಲೇ, ಯಾರ ಮೇಲಾದ್ರೂ ಸಿಟ್ಟಿಂದ ಮಾರ್ಕ್ಸ್ ಕಮ್ಮಿ ಹಾಕಿದ್ದೀಯಾ ನೀನು?” ಅವಳು ತಲೆ ಎತ್ತಲಿಲ್ಲ. “ಹಾಕಿದೀನಿ, ಒಂದ್ಸಲ. ಕ್ಲಾಸಲ್ಲಿ ನನ್ನ ನಡಿಗೆ ಅಣಕ ಮಾಡಿದ್ಲು ಒಬ್ಬಳು. ಆಮೇಲೆ ತಿದ್ದಿದೆ.” “ತಿದ್ದೋಕಾಗತ್ತಾ?” “ಪೇಪರ್ ನನ್ನ ಹತ್ರಾನೇ ಇತ್ತಲ್ಲ. ಕಳಿಸಿಬಿಟ್ಟಿದ್ರೆ ಆಗ್ತಿರಲಿಲ್ಲ.” ಕೊನೆಗೆ ಅವಳು ಒಂದು ಅಂಕ ಹಾಕಿ, ಕನ್ನಡಕದ ಮೇಲಿಂದ ಗಂಡನನ್ನು ನೋಡಿದಳು. “ಯಾಕೆ, ಏನಾಯ್ತು?” “ಏನಿಲ್ಲ. ಆಫೀಸಲ್ಲಿ ಯಾರೋ ಮಾತಾಡ್ತಿದ್ರು.” ಮೂವತ್ತು ವರ್ಷ ಜೊತೆಗಿದ್ದವಳು. ಯಾರೋ ಎನ್ನುವಾಗ ಅವನ ದನಿ ಹೇಗಿರುತ್ತದೆ ಎಂದು ಅವಳಿಗೆ ಗೊತ್ತು. ಅವಳು ಮುಂದಿನ ಹಾಳೆ ತೆಗೆದುಕೊಂಡಳು, ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ ಎಂದುಕೊಂಡು ಅವನು ಸ್ವಲ್ಪ ಹೊತ್ತು ಅವಳ ಮೇಲೇ ಸಿಟ್ಟಾದ.

ಮೂರು ವಾರದ ಮೇಲೆ ವಿಭಾಗದ ಕಚೇರಿಯಿಂದ ಅವನ ಹೆಸರಿಗೇ ಒಂದು ಲಕೋಟೆ ಬಂತು. ಅರ್ಜಿದಾರರ ಮನವಿಯ ಮೇಲೆ ವರದಿ ಬರೆದ ಅಧಿಕಾರಿಯ ವಿವರಣೆ ಬೇಕು. ‘ಸಾಧಾರಣ’ ಎಂಬ ಅಭಿಪ್ರಾಯಕ್ಕೆ ಆಧಾರವೇನು, ಹತ್ತು ದಿನದೊಳಗೆ ತಿಳಿಸಿ. ಜೊತೆಗೆ ಆ ಹಾಳೆಯ ನಕಲು. ತನ್ನ ಅಕ್ಷರ ಎಷ್ಟು ದುಂಡಗಿದೆ, ಎಷ್ಟು ನಿಶ್ಚಿಂತವಾಗಿದೆ ಎಂದು ನೋಡುತ್ತ ಕುಳಿತ. ಎರಡು ವರ್ಷಕ್ಕೆ ನಿವೃತ್ತಿ. ಇದ್ದದ್ದನ್ನು ಬರೆದರೆ ವಿಚಾರಣೆ ಬರಬಹುದು, ತಪ್ಪು ಅವಳದೆಂದು ಬರೆದರೆ ಏನೂ ಬರುವುದಿಲ್ಲ. ಮೊದಲು ಹಾಗೆಯೇ ಬರೆದ: ಸದರಿ ವರ್ಷದಲ್ಲಿ ಸದರಿ ನೌಕರರ ವರ್ತನೆಯಲ್ಲಿ ಕೆಲವು ಕೊರತೆಗಳು ಕಂಡುಬಂದಿದ್ದು. ಕೊರತೆಗಳು ಎಂಬ ಮಾತನ್ನು ಬರೆದು, ತಲೆ ಎತ್ತಿದರೆ ಎದುರಿನ ಸಾಲಿನಲ್ಲಿ ಅವಳ ಬೆನ್ನು. ಇತ್ತೀಚೆಗೆ ಅವಳ ಕೈ ನಿಧಾನವಾಗಿತ್ತು. ಕಾಗದ ಹಿಡಿದು ಒಂದು ಕ್ಷಣ ಹೆಚ್ಚು ನೋಡುತ್ತಿದ್ದಳು, ತನ್ನ ಕಣ್ಣನ್ನು ತಾನೇ ನಂಬದವಳಂತೆ. ಅವನು ಹಾಳೆಯನ್ನು ಹರಿದ. ಇನ್ನೊಂದು ಬರೆದ, ಅದರಲ್ಲಿ ಅಸಮಾಧಾನ, ಪರಿಸ್ಥಿತಿ, ಕೆಲಸದ ಒತ್ತಡ ಎಲ್ಲ ಬಂದವು, ಅವನೊಬ್ಬ ಮಾತ್ರ ಬರಲಿಲ್ಲ. ಅದನ್ನೂ ಹರಿದ. ಆರನೆಯ ದಿನ ಮೂರು ಸಾಲು ಬರೆದ. ‘ಆ ವರ್ಷದ ನನ್ನ ಅಭಿಪ್ರಾಯ ಆಕೆಯ ಕೆಲಸ ನೋಡಿ ಬರೆದದ್ದಲ್ಲ. ತಪಾಸಣೆಯ ದಿನ ಎಲ್ಲರೆದುರು ಆಕೆ ನನ್ನ ತಪ್ಪನ್ನು ತಿದ್ದಿದ್ದರಿಂದ ಬಂದ ಕೋಪದಲ್ಲಿ ಬರೆದದ್ದು. ಆಕೆಯ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ.’ ಸಹಿ ಮಾಡಿ ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದ. ರಸ್ತೆ ದಾಟುವಾಗ ಮೈ ಹಗುರವಾಗಿತ್ತು. ಅಂಗಡಿಯವನೊಡನೆ ಹವೆಯ ಮಾತಾಡಿದ, ನಕ್ಕ. ಮನೆಯ ತಿರುವಿಗೆ ಬಂದಾಗ, ನಾಲ್ಕು ವರ್ಷದ ಹಿಂದೆ ಆ ಹಾಳೆ ಬರೆದು ಕೈತೊಳೆದಾಗಲೂ ಒಳಗೆ ಹೀಗೇ ಹಿತವಾಗಿತ್ತಲ್ಲ ಎಂದು ನೆನಪಾಗಿ ಅವನ ಹೆಜ್ಜೆ ತಡವರಿಸಿತು.

ಅದಾದ ನಾಲ್ಕನೆಯ ದಿನ ಫೋನು ಬಂತು. ವಿಭಾಗದ ಕಚೇರಿಯಲ್ಲಿ ಆ ಕಡತ ನೋಡುವ ಗುಮಾಸ್ತ, ಹಳೆಯ ಪರಿಚಯ. “ಏನ್ ಸಾರ್ ಹೀಗೆ ಬರೆದುಬಿಟ್ಟಿದ್ದೀರಿ? ಯಾರಾದ್ರೂ ಹೀಗೆಲ್ಲ ಬರೀತಾರಾ?”

“ಇದ್ದಿದ್ದೇ ಹಾಗಲ್ವಾ.”

“ಇದ್ದಿದ್ದನ್ನೆಲ್ಲ ಬರೆಯೋಕೆ ಹೋದ್ರೆ ಕಚೇರಿ ನಡೆಯತ್ತಾ ಸಾರ್! ನೋಡಿ, ಇನ್ನೂ ಸಾಹೇಬರ ಮುಂದೆ ಇಟ್ಟಿಲ್ಲ. ನಾಳೆ ಸಂಜೆ ತನಕ ಇಟ್ಕೊಂಡಿರ್ತೀನಿ. ಬೇರೆ ಒಂದು ಬರೆದು ಕಳಿಸಿ, ಇದನ್ನ ನಾನೇ ಹರಿದು ಹಾಕ್ತೀನಿ. ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ.”

“ಆಕೆಗೆ ಅನುಕೂಲ ಆಗತ್ತೇನ್ರೀ ಇದರಿಂದ?”

“ಅದು ಸಾಹೇಬರು ನೋಡ್ತಾರೆ. ನಿಮಗೆ ಅನಾನುಕೂಲ ಆಗತ್ತೆ, ಅದಂತೂ ಗ್ಯಾರಂಟಿ.”

“ಯೋಚನೆ ಮಾಡ್ತೀನಿ” ಎಂದು ಅವನು ಫೋನಿಟ್ಟ. ಯೋಚನೆ ಮಾಡಿದ, ಅದೇ ಅವನ ತೊಂದರೆ. ಮರುದಿನ ಬೆಳಿಗ್ಗೆ ಬಿಳಿ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟುಕೊಂಡ. ರೈಲು ತಡವಾಗಿ ಚೀಲಗಳು ಒಟ್ಟಿಗೇ ಬಂದವು, ಎದ್ದು ಹೋದ. ಮಧ್ಯಾಹ್ನ ಮತ್ತೆ ಕುಳಿತ; ‘ಸದರಿ’ ಎಂದು ಬರೆದ. ಮುಂದೇನೂ ಬರಲಿಲ್ಲ. ನಾಲ್ಕೂವರೆಗೆ ಹೊರಡುವ ಚೀಲಕ್ಕೆ ಹಾಕಿದ್ದರೆ ಸಂಜೆಯೊಳಗೆ ತಲುಪುತ್ತಿತ್ತು. ನಾಲ್ಕೂವರೆ ಆಗುವುದನ್ನು ಗೋಡೆಯ ಗಡಿಯಾರದಲ್ಲಿ ನೋಡಿದ, ಆ ಚೀಲದ ಬಾಯಿ ಕಟ್ಟುವುದನ್ನು ನೋಡಿದ, ಗಾಡಿ ಹೋಗುವ ಸದ್ದು ಕೇಳಿದ. ಹೀಗೆ ಅವನ ಮೂರು ಸಾಲಿನ ಸತ್ಯ ಕಡತದಲ್ಲೇ ಉಳಿಯಿತು. ಅದನ್ನು ಧೈರ್ಯವೆಂದು ಕರೆಯಲು ಅವನ ಮನಸ್ಸು ಒಪ್ಪಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲು ಮಾಡಬೇಕಾಗಿದ್ದ ಕೆಲಸವನ್ನು ಸೋಮಾರಿಯಾಗಿ ಮಾಡದೆ ಉಳಿದವನಂತೆ ಅವನು ಮನೆಗೆ ಹೋದ.

ಆದೇಶ ಬಂದದ್ದು ಎರಡು ತಿಂಗಳ ಮೇಲೆ. ಅವಳ ಹೆಸರಿಗೆ ಒಂದು, ಅವನ ಹೆಸರಿಗೆ ಒಂದು. ಅವನದು ಗಿಡ್ಡ: ಇನ್ನು ಮುಂದೆ ವರದಿ ಬರೆಯುವಾಗ ಎಚ್ಚರ ವಹಿಸತಕ್ಕದ್ದು. ಅಷ್ಟೇ. ಇಷ್ಟಕ್ಕೆ ತಾನು ಆರು ದಿನ ಬೆವರಿದ್ದೆನೇ ಎಂದು ಅವನಿಗೆ ನಾಚಿಕೆಯಾಯಿತು. ಅವಳದು ಎರಡು ಪುಟ. ಅವಧಿ ಮುಗಿದು ಅಂಗೀಕೃತವಾದ ವರದಿಯನ್ನು ಬರೆದವರ ನಂತರದ ಹೇಳಿಕೆಯ ಮೇಲೆ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ, ಒಮ್ಮೆ ಹೀಗೆ ಬದಲಿಸಿದರೆ ಎಲ್ಲ ವರದಿಗಳೂ ಪ್ರಶ್ನೆಗೆ ಒಳಗಾಗುತ್ತವೆ, ಆದ್ದರಿಂದ ಮನವಿ ತಿರಸ್ಕೃತ. ಬರೆದವರ ಹೇಳಿಕೆಯ ನಕಲು ಲಗತ್ತಿಸಿದೆ. ಅವಳು ಗೂಡುಗಳ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕುಳಿತು ಓದುವುದನ್ನು ಅವನು ದೂರದಿಂದ ನೋಡಿದ. ಮೊದಲ ಪುಟ, ಎರಡನೆಯ ಪುಟ, ಆಮೇಲೆ ಮೂರು ಸಾಲಿನ ಆ ಹಾಳೆ. ಅದನ್ನು ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಎಲ್ಲವನ್ನೂ ಮಡಿಸಿ ಲಕೋಟೆಗೆ ಹಾಕಿ, ಲಕೋಟೆಯನ್ನು ಕೈಚೀಲಕ್ಕೆ ಹಾಕಿ, ಸೀದಾ ಅವನ ಮೇಜಿನ ಹತ್ತಿರ ಬಂದಳು. ಅವನು ಎದ್ದು ನಿಂತ. ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ. ಮೇಲ್ವಿಚಾರಕನಾದ ಹನ್ನೊಂದು ವರ್ಷದಲ್ಲಿ ತನ್ನ ಕೆಳಗಿನವರು ಬಂದಾಗ ಅವನು ಎದ್ದದ್ದಿಲ್ಲ.

“ಸಾರ್, ಆವತ್ತು ನಾನು ಏನಂದಿದ್ದೆ?”

ನಾಲ್ಕು ವರ್ಷದಿಂದ ಅವನು ಕೂದಲೂ ಕೊಂಕದಂತೆ ತಲೆಯಲ್ಲಿ ಹೊತ್ತುಕೊಂಡು ತಿರುಗಿದ್ದ ಆ ಗಳಿಗೆ ಅವಳಲ್ಲಿ ಇರಲೇ ಇಲ್ಲ. ಹೇಳಿದ. ಸಾಹೇಬರು ಬಂದದ್ದು, ಚೀಲದ ಚೀಟಿ ಹಿಡಿದದ್ದು, ತಾನು ಹೇಳಿದ್ದು, ಅವಳು ಹೇಳಿದ್ದು, ಎಲ್ಲರೂ ನಕ್ಕದ್ದು. ಹೇಳುತ್ತ ಹೋದಂತೆ ಅದು ಸಣ್ಣದಾಗುತ್ತ ಹೋಯಿತು, ಮಕ್ಕಳು ಶಾಲೆಯಿಂದ ಬಂದು ಒಪ್ಪಿಸುವ ಜಗಳದಷ್ಟು. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು. “ನಂಗೆ ನೆನಪೇ ಇಲ್ಲ ಸಾರ್” ಎಂದಳು. ಆಮೇಲೆ, “ಚೀಲ ಗುಡ್ಡದ ಕಡೆಗೇ ಹೋಯ್ತಾ?” ಎಂದು ಕೇಳಿದಳು.

“ಹೋಯ್ತು.”

“ಸರಿ ಹಾಗಾದ್ರೆ” ಎಂದು ಅವಳು ಹೊರಟಳು. ನಾಲ್ಕು ಹೆಜ್ಜೆ ಹೋಗಿ ನಿಂತಳು, ತಿರುಗಲಿಲ್ಲ. “ಅರ್ಜಿ ಬರೆಯೋವಾಗ್ಲಾದ್ರೂ ಹೇಳಬಹುದಿತ್ತು ಸಾರ್ ನೀವು. ಅದು ಓದಿ ನಾನು ಮನೇಲಿ ನಮ್ಮಮ್ಮನ ಹತ್ರ ನಿಮ್ಮನ್ನ ಹೊಗಳಿಬಿಟ್ಟೆ.”

ಹಾಲಿಗೆ ಗೊತ್ತಾಯಿತು. ಹೇಗೆ ಎಂದು ಕೇಳುವ ಹಾಗಿಲ್ಲ, ಅಂಚೆಯವರ ನಡುವೆ ಕಾಗದ ಎಷ್ಟು ದಿನ ಮುಚ್ಚಿಕೊಂಡಿರುತ್ತದೆ. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಮುದ್ರೆ ಮೇಜಿನವನು ಹೊಸ ಜಾಗಕ್ಕೆ ಹೋಗುವ ದಿನ ಎಲ್ಲರ ಕೈಕುಲುಕಿ ಮೇಲ್ವಿಚಾರಕನ ಮುಂದೆ ಬಂದಾಗ ಮಾತ್ರ ಕೈಯಲ್ಲಿ ಚೀಲಗಳನ್ನು ಹಿಡಿದುಕೊಂಡಿದ್ದ, ಎರಡೂ ಕೈಯಲ್ಲಿ. ರಜೆ ಅರ್ಜಿ ಬರೆಸಿಕೊಳ್ಳಲು ಬರುವವರು ಕಮ್ಮಿಯಾದರು. ಚೀಲ ಕಟ್ಟುವವನು ಒಂದು ಸಲ, ತಮಾಷೆಯೋ ಅಲ್ಲವೋ, “ಸಾರ್ ಮುಂದೆ ಯಾರೂ ಸರಿ ಉತ್ತರ ಹೇಳ್ಬೇಡ್ರಪ್ಪ” ಎಂದ. ಅವಳು ಮಾತ್ರ ಮೊದಲಿನಂತೆಯೇ, ನಮಸ್ಕಾರ ಸಾರ್, ಹೋಗಿ ಬರ್ತೀನಿ ಸಾರ್. ಅದರಲ್ಲಿ ಏನಾದರೂ ಕೊಂಕು ಇದೆಯೋ ಎಂದು ಅವನು ದಿನವೂ ಕಿವಿಗೊಟ್ಟು ಕೇಳುತ್ತಿದ್ದ. ಇರಲಿಲ್ಲ. ಕೊಂಕಿದ್ದರೆ ಸಹಿಸಬಹುದಾಗಿತ್ತು. ಆದರೆ ಅವಳ ಕೈ ತಪ್ಪತೊಡಗಿತ್ತು. ಒಂದೇ ಹೆಸರಿನ ಎರಡು ಊರುಗಳು ಅದಲು ಬದಲಾಗಿ, ತಪ್ಪಿ ಬಂದ ಕಾಗದಗಳನ್ನು ಆ ಊರಿನ ಅಂಚೆಯವರು ಒಂದು ಚೀಟಿಯೊಡನೆ ಹಿಂದಕ್ಕೆ ಕಳಿಸುತ್ತಿದ್ದರು. ಚೀಟಿಯ ಮೇಲೆ ಅವಳ ಗೂಡಿನ ಸಂಖ್ಯೆ. ಮೊದಲನೆಯದು ಬಂದಾಗ ಅವನು ಅದನ್ನು ತನ್ನ ಡ್ರಾಯರಿನ ತಳಕ್ಕೆ ತಳ್ಳಿದ. ಎರಡನೆಯದನ್ನೂ. ಆಮೇಲೆ ಎಣಿಸುವುದನ್ನು ಬಿಟ್ಟ. ಇದು ತಾನು ಅವಳಿಗೆ ಮಾಡಬಹುದಾದ ಒಂದೇ ಉಪಕಾರವೆಂದು, ಯಾರಿಗೂ ಗೊತ್ತಾಗದ ಕಾರಣ ಅದಕ್ಕೊಂದು ದೊಡ್ಡತನವೂ ಇದೆಯೆಂದು ಅವನಿಗೆ ಅನಿಸುತ್ತಿತ್ತು.

ವರ್ಷ ಮುಗಿಯಿತು. ಈ ಸಲದಿಂದ ವರದಿ ಗುಪ್ತವಲ್ಲ. ಬರೆದದ್ದನ್ನು ನೌಕರನಿಗೆ ತೋರಿಸಿ, ಓದಿಸಿ, ಸಹಿ ತೆಗೆದುಕೊಳ್ಳಬೇಕು. ಅವನು ಅವಳ ಹಾಳೆಯನ್ನೇ ಎಲ್ಲಕ್ಕಿಂತ ಮೊದಲು ಬರೆದ, ಒಂದು ಪೂರ್ತಿ ಬೆಳಿಗ್ಗೆ ಕೂತು. ಚುರುಕು: ಅಸಾಧಾರಣ. ನಿಖರತೆ: ದೋಷರಹಿತ. ವರ್ತನೆ: ಇತರರಿಗೆ ಮಾದರಿ. ಒಟ್ಟು ಅಭಿಪ್ರಾಯ: ಅತ್ಯುತ್ತಮ. ಇದರ ಕೆಳಗೆ ಜಾಗ ಸಾಲದೆ ಅಂಚಿನಲ್ಲೂ ಎರಡು ಸಾಲು ಬರೆದ. ಊಟದ ಬಿಡುವಿಗೆ ಅವಳನ್ನು ಕರೆದು ಕೊಟ್ಟ. ಅವಳು ಈ ಸಲ ಕುರ್ಚಿ ಎಳೆದು ಕುಳಿತಳು. ಒಂದೊಂದು ಅಂಕಣದ ಮೇಲೂ ಬೆರಳಿಟ್ಟು ಓದಿದಳು, ವಿಳಾಸ ಓದುವಂತೆ. ಓದಿ ಮುಗಿದ ಮೇಲೆ ಹಾಳೆಯನ್ನು ತಿರುಗಿಸಿ ಅವನ ಮುಂದಿಟ್ಟಳು.

“ಇದೂ ಸುಳ್ಳೇ ಸಾರ್.”

ಅವನು ಅವಳ ಮುಖ ನೋಡಿದ. ಕೋಪವಿರಲಿಲ್ಲ. ನಿದ್ದೆ ಕಮ್ಮಿಯಾದವರ ಕಣ್ಣು.

“ದೋಷರಹಿತ ಅಂತೆ! ಈ ವರ್ಷ ತಪ್ಪಿ ಹೋದ ಕಾಗದ ಹದಿನೇಳು. ಚೀಟಿ ಎಲ್ಲಾ ನಿಮ್ಮ ಡ್ರಾಯರಲ್ಲಿವೆ, ಆ ಕಡೆಯವರು ನಂಗೆ ಫೋನ್ ಮಾಡಿ ಹೇಳ್ತಾರೆ ಸಾರ್. ಅದರಲ್ಲಿ ಒಂದು ಆಸ್ಪತ್ರೆಯಿಂದ ಬಂದಿದ್ದು, ಹನ್ನೆರಡು ದಿನ ತಡವಾಗಿ ಸಿಕ್ಕಿತಂತೆ. ಯಾರಿಗೆ ಬಂದಿತ್ತೋ ಏನೋ.”

“ಅದು ನಿಮ್ಮ ತಪ್ಪಲ್ಲ ಅಮ್ಮ. ನಿಮ್ಮ ಮನಸ್ಸಿಗೆ ಆಗಿದ್ದು...”

“ನನ್ನ ಮನಸ್ಸಿಗೆ ಆಗಿದ್ದು ಬರೆಯೋಕೆ ಇಲ್ಲಿ ಅಂಕಣ ಇಲ್ಲ” ಎಂದಳು. “ಆವಾಗ ನಿಮಗೆ ಸಿಟ್ಟು ಬಂದಿತ್ತು, ಒಂದು ಬರೆದ್ರಿ. ಈಗ ಪಾಪ ಅನಿಸ್ತಿದೆ, ಇನ್ನೊಂದು ಬರೆದಿದ್ದೀರಿ. ನನ್ನ ಕೆಲಸ ಎಲ್ಲಿದೆ ಸಾರ್ ಇದರಲ್ಲಿ?”

ಅವನ ಕೈ ಹಾಳೆಯ ಮೇಲಿತ್ತು. ಹಾಲಿನಲ್ಲಿ ಉಳಿದವರು ಊಟಕ್ಕೆ ಹೋಗಿದ್ದರು. ಫ್ಯಾನು ತಿರುಗುತ್ತಿತ್ತು, ಗೂಡುಗಳಲ್ಲಿದ್ದ ಕಾಗದಗಳ ತುದಿ ಗಾಳಿಗೆ ಅಲುಗುತ್ತಿತ್ತು. “ಏನು ಬರೀಲಿ ಹೇಳಿ” ಎಂದ, ಬಹಳ ಸಣ್ಣ ದನಿಯಲ್ಲಿ. ತಾನು ಅರ್ಜಿ ಬರೆದುಕೊಡುವಾಗ ಎದುರಿಗೆ ನಿಂತವರ ದನಿ ಹೀಗೇ ಇರುತ್ತಿತ್ತು.

“ಹದಿನೇಳು ಅಂತ ಬರೀರಿ. ರಜೆ ಹನ್ನೊಂದು ದಿನ. ಉಳಿದಿದ್ದು ಸರಿಯಾಗೇ ಮಾಡಿದೀನಿ, ಅದನ್ನೂ ಬರೀರಿ. ಒಟ್ಟು ಅಭಿಪ್ರಾಯ ಉತ್ತಮ ಅಂತ ಹಾಕಿ. ಅಷ್ಟೇ ಇರೋದು.” ಅವಳು ಕೈಚೀಲದಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಆ ವರ್ಷಾನೂ ನಂಗೆ ಅಷ್ಟೇ ಬೇಕಾಗಿದ್ದಿದ್ದು.”

ಅವನು ಹೊಸ ಹಾಳೆ ತೆಗೆದು ಬರೆದ. ಡ್ರಾಯರು ತೆರೆದು, ಚೀಟಿಗಳನ್ನು ಒಂದೊಂದಾಗಿ ತೆಗೆದು, ಅವಳೆದುರಿಗೇ ಎಣಿಸಿದ. ಹದಿನೇಳೇ ಇದ್ದವು. ಅವಳು ಮತ್ತೆ ಮೊದಲಿನಿಂದ ಓದಿ, ತಾರೀಕು ಕೇಳಿ, ಕೆಳಗೆ ಸಹಿ ಮಾಡಿದಳು; ಹಾಳೆಯನ್ನು ಅವನತ್ತ ಸರಿಸಿ, ಕುರ್ಚಿಯನ್ನು ಇದ್ದ ಜಾಗಕ್ಕೆ ತಳ್ಳಿ, ಊಟಕ್ಕೆ ಹೋದಳು. ಅವನು ಇನ್ನೊಂದು ಹಾಳೆಯನ್ನು ಮುಂದಕ್ಕೆ ಎಳೆದುಕೊಂಡ. ಮೇಲೆ ಚೀಲ ಕಟ್ಟುವವನ ಹೆಸರಿತ್ತು. ಹನ್ನೊಂದು ವರ್ಷ ಕಣ್ಣೆದುರಿಗೇ ಇದ್ದ ಮನುಷ್ಯ. ಗಂಟು ಹೇಗೆ ಹಾಕುತ್ತಾನೆ, ಬಿಗಿಯಾಗಿಯೋ ಸಡಿಲವಾಗಿಯೋ, ಹೊತ್ತಿಗೆ ಮುಂಚೆ ಮುಗಿಸುತ್ತಾನೋ ಆಮೇಲೋ. ಅವನ ತಮಾಷೆಗಳೆಲ್ಲ ನೆನಪಿದ್ದವು, ತನ್ನ ಮೇಲೆ ಆಡಿದವು ಒಂದೂ ಬಿಡದೆ. ಪೆನ್ನನ್ನು ಮೊದಲ ಅಂಕಣದ ಮೇಲೆ ಹಿಡಿದು ಮೇಲ್ವಿಚಾರಕ ಬಹಳ ಹೊತ್ತು ಕುಳಿತಿದ್ದ. ಆ ಮನುಷ್ಯನ ಕೆಲಸದ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ.